ಬಾಹ್ಯಾಕಾಶದಿಂದ ಇಳಿದವರಿಗೆ ನಿಲ್ಲಲು ಏಕೆ ಆಗುವುದಿಲ್ಲ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಸುನಿತಾ ವಿಲಿಯಮ್ಸ್ ಭೂಮಿಗೆ ಮರಳಿದಾಗ ಸ್ಟ್ರೆಚರ್ ಮೇಲೆ ಕರೆದೊಯ್ದದ್ದನ್ನೂ ಶುಭಾಂಶು ಶುಕ್ಲಾ ಅವರನ್ನು ಕೈಹಿಡಿದು ಇಳಿಸಿದ್ದನ್ನೂ ನನ್ನ ಮಕ್ಕಳು ಟಿವಿಯಲ್ಲಿ ನೋಡಿದ್ದಾರೆ. ಅಲ್ಲಿ ಗುರುತ್ವ ಇಲ್ಲದ್ದರಿಂದ ಹೃದಯ ಚಿಕ್ಕದಾಗುತ್ತದಂತೆ, ನಿಜವೇ ಎಂದು ಕೇಳುತ್ತಾರೆ. ಇನ್ನೊಂದು ನನ್ನ ಮನೆಯ ಪ್ರಶ್ನೆ. ನನ್ನ ತಂದೆಗೆ 72 ವರ್ಷ. ತೊಡೆಯ ಮೂಳೆ ಮುರಿದು ಆರು ವಾರ ಮಂಚದ ಮೇಲೆಯೇ ಇದ್ದರು. ಮೊದಲ ದಿನ ಎಬ್ಬಿಸಿ ನಿಲ್ಲಿಸಿದಾಗ ಕಣ್ಣು ಕತ್ತಲೆ ಬಂದು ಕುಸಿದರು. ಈಗಲೂ ಎದ್ದರೆ ತಲೆ ತಿರುಗುತ್ತದೆ. ಊರವರು ‘ಹಾರ್ಟ್ ವೀಕ್ ಆಗಿದೆ, ಇನ್ನೂ ಮಲಗಿಸಿ’ ಎನ್ನುತ್ತಾರೆ. ಈ ಎರಡಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಸಂಬಂಧ ಇದೆ ಟೀಚರ್, ಬಹಳ ಹತ್ತಿರದ ಸಂಬಂಧ. ರಾಯಚೂರಿನಲ್ಲಿ ಇಷ್ಟು ವರ್ಷ ಹೃದ್ರೋಗಿಗಳನ್ನು ನೋಡಿದ ನನಗೆ, ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ನಿಮ್ಮ ತಂದೆಯ ವಿಷಯದಲ್ಲಿ ಊರವರ ಮಾತು ಕೇಳಿ ಇನ್ನಷ್ಟು ದಿನ ಮಲಗಿಸಬೇಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣವನ್ನು ಬಾಹ್ಯಾಕಾಶದಿಂದಲೇ ಆರಂಭಿಸೋಣ.

ಮಕ್ಕಳ ಮಾತಿನಲ್ಲಿ ಒಂದು ತಿದ್ದುಪಡಿ ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ಗುರುತ್ವ ಇಲ್ಲಿನದರ ಶೇ 90ರಷ್ಟು ಇದ್ದೇ ಇದೆ. ಆದರೆ ನಿಲ್ದಾಣವೂ ಅದರೊಳಗಿನವರೂ ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಿರುತ್ತಾರೆ. ಬಾವಿಯ ಮೇಲೆ ಹಗ್ಗ ಹರಿದ ಕೊಡವನ್ನು ನೆನೆಯಿರಿ. ಕೊಡವೂ ಬೀಳುತ್ತದೆ, ಒಳಗಿನ ನೀರೂ ಬೀಳುತ್ತದೆ. ಬೀಳುವಷ್ಟು ಹೊತ್ತು ನೀರು ಕೊಡದ ತಳವನ್ನು ಒತ್ತುವುದಿಲ್ಲ. ತರಗತಿಯಲ್ಲಿ ಇದನ್ನು ತೋರಿಸಬಹುದು. ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ತೂತಿನಿಂದ ನೀರು ಚಿಮ್ಮುತ್ತದೆ. ಮಾಳಿಗೆಯ ಮೇಲಿಂದ ಬಾಟಲಿಯನ್ನು ಕೈಬಿಡಿ. ನೆಲ ಮುಟ್ಟುವವರೆಗೆ ತೂತಿನಿಂದ ಒಂದು ಹನಿಯೂ ಚಿಮ್ಮುವುದಿಲ್ಲ. ಗಗನಯಾತ್ರಿಯ ದೇಹದೊಳಗಿನ ರಕ್ತದ ಸ್ಥಿತಿ ತಿಂಗಳುಗಟ್ಟಲೆ ಹೀಗೆಯೇ ಇರುತ್ತದೆ. ಅದು ಯಾವ ದಿಕ್ಕಿಗೂ ಒತ್ತುವುದಿಲ್ಲ, ಅದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಇಲ್ಲಿ, ನೆಲದ ಮೇಲೆ, ನಾವು ಎದ್ದು ನಿಂತಾಗ ಏನಾಗುತ್ತದೆ? ನಿಮ್ಮ ಕಡೆಯವರಿಗೆ ಕಾಲುವೆಯ ಭಾಷೆ ಚೆನ್ನಾಗಿ ಗೊತ್ತು. ಹೃದಯದಿಂದ ಕಾಲಿಗೆ ಹೋಗುವ ರಕ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಂತೆ ಇಳಿಜಾರಿಗೆ ಹರಿಯುತ್ತದೆ. ಮಿದುಳಿಗೆ ಹೋಗುವುದು ಏತ ನೀರಾವರಿ. ಅದನ್ನು ಪಂಪಿನ ಬಲದಿಂದ ಎತ್ತಲೇಬೇಕು. ಒಂದು ಅಡಿ ಎತ್ತರಕ್ಕೆ ರಕ್ತದೊತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 23 ಮಿ.ಮೀ.ನಷ್ಟು ಇಳಿಯುತ್ತದೆ. ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ 95 ಇದ್ದರೆ, ನಿಂತವನ ಮಿದುಳಿನಲ್ಲಿ ಅದು 70ರ ಆಸುಪಾಸು, ಪಾದದಲ್ಲಿ 180ಕ್ಕೂ ಮೇಲೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳ ಅಭಿಧಮನಿಗಳಿಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳಗಳಿಗೆ) ಇಳಿದು ನಿಲ್ಲುತ್ತದೆ. ದೇಹದಲ್ಲಿರುವುದೇ ಸುಮಾರು ಐದು ಲೀಟರ್. ಆದರೂ ನಾವು ಬೀಳುವುದಿಲ್ಲ, ಏಕೆಂದರೆ ದವಡೆಯ ಕೆಳಗೆ ಕತ್ತಿನ ಅಪಧಮನಿಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ನಾಡಿ ಬಡಿಯುವ ಆ ಜಾಗವನ್ನು ಮಕ್ಕಳು ಮೆಲ್ಲಗೆ ಮುಟ್ಟಿ ನೋಡಬಹುದು, ಒತ್ತಬಾರದು. ಒತ್ತಡ ಇಳಿಯಿತು ಎಂಬ ಸುದ್ದಿ ಅಲ್ಲಿಂದ ಕ್ಷಣಮಾತ್ರದಲ್ಲಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ. ಮೀನಖಂಡದ ಸ್ನಾಯುಗಳು ಹಿಂಡಿದಂತೆಲ್ಲ ಕವಾಟಗಳ ಮೂಲಕ ರಕ್ತ ಮೇಲೇರುತ್ತದೆ. ದಿನಕ್ಕೆ ಎಷ್ಟೋ ಸಲ ನಡೆಯುವ ಈ ಕೆಲಸ ತಪ್ಪಿದ ದಿನ ಮಾತ್ರ ನಮಗೆ ಅದರ ಅರಿವಾಗುತ್ತದೆ.

ಈಗ ನಿಲ್ದಾಣಕ್ಕೆ ಹೋಗೋಣ. ಅಲ್ಲಿ ಏತವೂ ಇಲ್ಲ, ಇಳಿಜಾರೂ ಇಲ್ಲ. ಕಾಲುಗಳಲ್ಲಿದ್ದ ರಕ್ತ ಮತ್ತು ಇತರ ದ್ರವಗಳಲ್ಲಿ ಸುಮಾರು ಎರಡು ಲೀಟರಿನಷ್ಟು ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕತ್ತಿನ ಅಭಿಧಮನಿಗಳು ಉಬ್ಬಿ ಕಾಣುತ್ತವೆ, ತೊಡೆ ಮತ್ತು ಮೀನಖಂಡ ತೆಳುವಾಗುತ್ತವೆ. ಹಾರುವ ಮೊದಲಿನ ಫೋಟೊವನ್ನೂ ನಿಲ್ದಾಣದಲ್ಲಿ ತೆಗೆದ ಫೋಟೊವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಕ್ಕಳು ತಾವೇ ಗುರುತಿಸುತ್ತಾರೆ.

ಇಲ್ಲಿ ನನ್ನ ವೃತ್ತಿಯವರೊಬ್ಬರನ್ನು ನೆನೆಯಲೇಬೇಕು. ಎದೆಗೆ ಇಷ್ಟು ರಕ್ತ ನುಗ್ಗಿದರೆ ಹೃದಯದ ಬಾಗಿಲಲ್ಲಿ ಅಭಿಧಮನಿಯ ಒತ್ತಡ ಏರಲೇಬೇಕು ಎಂದು ವೈದ್ಯರೆಲ್ಲ ನಂಬಿದ್ದರು. ಅಳೆಯದೆ ನಂಬುವುದು ಬೇಡವೆಂದು ಅಮೆರಿಕದ ಹೃದ್ರೋಗ ತಜ್ಞ ಡ್ರೂ ಗ್ಯಾಫ್ನಿ 1991ರ ಜೂನ್‌ನಲ್ಲಿ, ತೋಳಿನ ಅಭಿಧಮನಿಯಿಂದ ಹೃದಯದ ಸಮೀಪದವರೆಗೆ ಸಣ್ಣ ನಳಿಗೆಯೊಂದನ್ನು ಹಾಕಿಸಿಕೊಂಡೇ ಬಾಹ್ಯಾಕಾಶ ನೌಕೆ ಏರಿದರು. ಕಕ್ಷೆ ತಲುಪಿದಾಗ ಒತ್ತಡ ಏರಲಿಲ್ಲ, ಇಳಿಯಿತು. ಆದರೆ ಹೃದಯದ ಕೋಣೆಗಳು ಮೊದಲಿಗಿಂತ ಹೆಚ್ಚು ತುಂಬಿದ್ದವು. ಎದೆಗೂಡಿನ ಮೇಲಿನ ಭಾರ ಹೋಗಿ ಎದೆ ಹಿಗ್ಗುತ್ತದೆ, ಹೃದಯದ ಸುತ್ತಲಿನ ಒತ್ತಡ ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಹಾಗಾಗಿ ಕಡಿಮೆ ಒತ್ತಡದಲ್ಲೇ ಹೃದಯ ಹೆಚ್ಚು ತುಂಬಿಕೊಳ್ಳುತ್ತದೆ ಎಂಬ ವಿವರಣೆ ಆಮೇಲೆ ಬಂತು. ದಿನವೂ ರೋಗಿಗಳಿಗೆ ಇಂಥ ನಳಿಗೆ ಹಾಕುವ ನಾನು, ಅದನ್ನು ತನ್ನ ಮೈಯಲ್ಲೇ ಇಟ್ಟುಕೊಂಡು ರಾಕೆಟ್ ಏರಿದ ಆ ವೈದ್ಯನ ಧೈರ್ಯವನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಎದೆ ತುಂಬಿದ್ದನ್ನು ಕಂಡು ದೇಹ ನೀರು ಜಾಸ್ತಿಯಾಗಿದೆ ಎಂದು ತಿಳಿಯುತ್ತದೆ. ಅಣೆಕಟ್ಟಿನ ಒಳಹರಿವು ಹೆಚ್ಚಿದಾಗ ಗೇಟು ಎತ್ತುವಂತೆ ಮೂತ್ರಪಿಂಡಗಳು ನೀರನ್ನು ಹೊರಬಿಡುತ್ತವೆ ಎಂದು ನಮಗೆ ಕಲಿಸಿದ್ದರು. ಕಕ್ಷೆಯಲ್ಲಿ ಅಳೆದಾಗ ಮೂತ್ರ ಅಷ್ಟೇನೂ ಹೆಚ್ಚಿರಲಿಲ್ಲ. ಮೊದಲ ದಿನಗಳಲ್ಲಿ ವಾಕರಿಕೆ ಇರುವುದರಿಂದ ಯಾನಿಗಳು ಕುಡಿಯುವುದೇ ಕಡಿಮೆ. ಜೊತೆಗೆ ರಕ್ತದ ದ್ರವ ಭಾಗವಾದ ಪ್ಲಾಸ್ಮಾ ರಕ್ತನಾಳದಿಂದ ಹೊರಗೆ ಒಸರುತ್ತದೆ. ದಾರಿ ಯಾವುದಾದರೂ ಫಲ ಒಂದೇ. ಕೆಲವೇ ದಿನಗಳಲ್ಲಿ ಪ್ಲಾಸ್ಮಾ ಶೇ 10ರಿಂದ 15ರಷ್ಟು ಇಳಿಯುತ್ತದೆ, ಬಳಿಕ ಕೆಂಪು ರಕ್ತಕಣಗಳೂ ಕಡಿಮೆಯಾಗುತ್ತವೆ. ಅಲ್ಲಿ ಇದರಿಂದ ತೊಂದರೆಯೇನೂ ಇಲ್ಲ. ಕಡಿಮೆ ರಕ್ತವೇ ಆ ಊರಿಗೆ ಸರಿಯಾದ ಅಳತೆ.

ಇನ್ನು ಮಕ್ಕಳು ಕೇಳಿದ ‘ಹೃದಯ ಚಿಕ್ಕದಾಗುತ್ತದೆಯೇ?’ ಎಂಬ ಪ್ರಶ್ನೆ. ಹೌದು, ಆಗಬಹುದು. ಅಮೆರಿಕದ ಸ್ಕಾಟ್ ಕೆಲಿ 2015–16ರಲ್ಲಿ 340 ದಿನ ನಿಲ್ದಾಣದಲ್ಲಿದ್ದರು. ಅವರ ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ, ತೂಕ ಸುಮಾರು 190 ಗ್ರಾಂನಿಂದ 139 ಗ್ರಾಂಗೆ ಇಳಿಯಿತು ಎಂದು ಅಧ್ಯಯನವೊಂದು ಕಂಡುಕೊಂಡಿತು. ಅವರು ಸುಮ್ಮನೆ ತೇಲುತ್ತಿರಲಿಲ್ಲ, ವಾರಕ್ಕೆ ಆರು ದಿನ ವ್ಯಾಯಾಮ ಮಾಡುತ್ತಿದ್ದರು. ಅದೇ ಅಧ್ಯಯನದಲ್ಲಿ ಅವರ ಪಕ್ಕದಲ್ಲಿ ಇಟ್ಟು ನೋಡಿದ್ದು ಬೆನ್ವಾ ಲೆಕೋಂಟ್ ಎಂಬ ಈಜುಗಾರನನ್ನು. 2018ರಲ್ಲಿ ಪೆಸಿಫಿಕ್ ಸಾಗರ ದಾಟಲು ಹೊರಟು 159 ದಿನಗಳಲ್ಲಿ 2,821 ಕಿ.ಮೀ. ಈಜಿದವರು ಇವರು. ದಿನಕ್ಕೆ ಸರಾಸರಿ ಐದಾರು ಗಂಟೆ ಈಜುವವನ ಹೃದಯ ಹಿಗ್ಗಬೇಕು ಎಂದೇ ಯಾರಿಗಾದರೂ ಅನಿಸುತ್ತದೆ. ಅದೂ ಕುಗ್ಗಿತು, ಕೆಲಿಯವರ ಹೃದಯ ಕುಗ್ಗಿದ ವೇಗದಲ್ಲೇ ಕುಗ್ಗಿತು. ನೀರಿನಲ್ಲಿ ಅಡ್ಡಲಾಗಿ ತೇಲುವವನಿಗೂ ಏತದ ಕೆಲಸ ಇಲ್ಲ. ಹಗಲು ಈಜು, ರಾತ್ರಿ ನಿದ್ರೆ, ಎರಡೂ ಅಡ್ಡಲಾಗಿಯೇ. ನಿಂತು ನಡೆಯುವ ಗಂಟೆಗಳೇ ದಿನದಲ್ಲಿ ಕಡಿಮೆಯಾಗಿಬಿಟ್ಟಿದ್ದವು.

ಇಲ್ಲಿ ‘ಕುಗ್ಗಿತು’ ಎಂದರೆ ‘ಕೆಟ್ಟಿತು’ ಎಂದು ಓದಬೇಡಿ. ಇಬ್ಬರ ಹೃದಯವೂ ಚೆನ್ನಾಗಿಯೇ ಬಡಿಯುತ್ತಿತ್ತು. ಹೃದಯ ಕೆಲಸಕ್ಕೆ ತಕ್ಕ ಮೈ ಮಾಡಿಕೊಂಡಿತ್ತು, ಅಷ್ಟೇ. ಆಮೇಲೆ 13 ಯಾನಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಭೂಮಿಯ ಮೇಲೆ ತುಂಬಾ ದುಡಿಯುತ್ತಿದ್ದವರ ಹೃದಯ ಅಲ್ಲಿ ಕುಗ್ಗುವ ಕಡೆಗಿತ್ತು. ಇಲ್ಲಿ ಅಷ್ಟಾಗಿ ವ್ಯಾಯಾಮ ಮಾಡದೆ ಅಲ್ಲಿ ಕಡ್ಡಾಯವಾಗಿ ಮಾಡಿದವರ ಹೃದಯ ತುಸು ಬೆಳೆಯುವ ಕಡೆಗಿತ್ತು. ನಮ್ಮ ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವ ಹಮಾಲರು ಎಕೋ ಪರೀಕ್ಷೆಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್‌ಗೆ, ಮಲಗಿದಾಗ ಪರದೆಯ ಮೇಲೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ, ಬಲವಾಗಿ ಹಿಂಡುವುದನ್ನು ಕಾಣುತ್ತೇನೆ. ಹೃದಯಕ್ಕೆ ಇಷ್ಟೇ ಎಂಬ ಖಾಯಂ ಅಳತೆ ಇಲ್ಲ. ಹೊರಿಸಿದ ಹೊರೆಯೇ ಅದರ ಅಳತೆ. ಆಕಾರವೂ ಹಾಗೆಯೇ. 12 ಯಾನಿಗಳು ತಾವೇ ತೆಗೆದ ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಹೃದಯ ಅಲ್ಲಿ ಶೇ 9.4ರಷ್ಟು ಹೆಚ್ಚು ದುಂಡಗಾಗಿತ್ತು. ನೆಲಕ್ಕೆ ಬಂದ ಮೇಲೆ ಮತ್ತೆ ನೀಳವಾಯಿತು.

ಇಷ್ಟಾದ ಮೇಲೆ ಸ್ಟ್ರೆಚರ್ ಅರ್ಥವಾಗುತ್ತದೆ. ಕಡಿಮೆ ರಕ್ತ, ತೆಳುವಾದ ಹೃದಯ, ತಿಂಗಳುಗಟ್ಟಲೆ ಅಭ್ಯಾಸ ತಪ್ಪಿದ ಕತ್ತಿನ ನರತುದಿಗಳು, ಬಲ ಕುಂದಿದ ಕಾಲುಗಳು. ಅಂಥವರು ಗುರುತ್ವಕ್ಕೆ ಮರಳಿದ ಮೊದಲ ಗಂಟೆಯಲ್ಲೇ ಎದ್ದು ನಿಂತರೆ, ಇರುವ ಅಷ್ಟಿಷ್ಟು ರಕ್ತವೂ ಕಾಲಿಗೆ ಇಳಿದು ಮಿದುಳಿನ ಏತ ನಿಲ್ಲುತ್ತದೆ. ಒಳಕಿವಿಯ ಸಮತೋಲನವೂ ತಪ್ಪಿರುತ್ತದೆ. ಸುನಿತಾ ವಿಲಿಯಮ್ಸ್ 286 ದಿನಗಳ ಬಳಿಕ 2025ರ ಮಾರ್ಚ್‌ನಲ್ಲಿ ಇಳಿದಾಗ ಸ್ಟ್ರೆಚರ್ ಬಳಸಿದ್ದು ಮುನ್ನೆಚ್ಚರಿಕೆಯ ಕ್ರಮ, ಕಾಯಿಲೆಯ ಗುರುತಲ್ಲ. ಶುಕ್ಲಾ ನಿಲ್ದಾಣದಲ್ಲಿದ್ದದ್ದು 18 ದಿನ ಮಾತ್ರ. ಅಷ್ಟಕ್ಕೇ ಮೊಬೈಲ್ ಕೈಗೆ ಭಾರವಾಯಿತು ಎಂದು ಅವರು ಹೇಳಿದರು. ಲ್ಯಾಪ್‌ಟಾಪ್ ಗಾಳಿಯಲ್ಲಿ ತೇಲುತ್ತದೆ ಎಂದುಕೊಂಡು ಹಾಸಿಗೆಯ ಪಕ್ಕದಲ್ಲಿ ಕೈಬಿಟ್ಟರಂತೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕಳಿಸಿದ ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆದದ್ದು ಇದೇ ಯಾನದಲ್ಲಿ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಇಳಿಯುವ ಮುನ್ನ ಯಾನಿಗಳು ಉಪ್ಪಿನ ಮಾತ್ರೆಗಳನ್ನು ನುಂಗಿ ಸುಮಾರು ಒಂದು ಲೀಟರ್ ನೀರು ಕುಡಿಯುತ್ತಾರೆ. ಕಳೆದುಹೋದ ಪ್ಲಾಸ್ಮಾವನ್ನು ಕೆಲವು ಗಂಟೆಗಳ ಮಟ್ಟಿಗೆ ತುಂಬಿಕೊಳ್ಳುವ ಉಪಾಯ ಇದು. ಕಾಲು, ಹೊಟ್ಟೆಗಳನ್ನು ಬಿಗಿಯುವ ಉಡುಪನ್ನೂ ತೊಡುತ್ತಾರೆ. ಆದರೆ ಇದನ್ನು ಓದಿ ನಿಮ್ಮ ತಂದೆಗೆ ಉಪ್ಪುನೀರು ಕುಡಿಸಬೇಡಿ. ಬಿಪಿ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರಿಗೆ ಅದು ಅಪಾಯ. ಯಾನಿಗಳು ಹಲವು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಆರೋಗ್ಯವಂತರು.

ಆರೋಗ್ಯವಂತರಾಗಿದ್ದೂ ಒಬ್ಬರಿಗೆ ಆದದ್ದನ್ನು ಹೇಳಬೇಕು. ಕತ್ತಿನ ದೊಡ್ಡ ಅಭಿಧಮನಿಯಲ್ಲಿ ರಕ್ತ ಇಲ್ಲಿ ಸದಾ ಕೆಳಗೆ ಹರಿಯುತ್ತದೆ, ಗುರುತ್ವವೇ ಅದನ್ನು ಇಳಿಸುತ್ತದೆ. ಅಲ್ಲಿ ಆ ನೆರವಿಲ್ಲ. 11 ಯಾನಿಗಳ ಕತ್ತನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಆರು ಮಂದಿಯಲ್ಲಿ ರಕ್ತ ನಿಂತಂತೆ ಇತ್ತು ಅಥವಾ ಹಿಮ್ಮುಖವಾಗಿ ಸರಿಯುತ್ತಿತ್ತು. ಒಬ್ಬರಲ್ಲಿ ಹೆಪ್ಪುಗಟ್ಟಿತ್ತು. 2019ರಲ್ಲಿ ಪ್ರಕಟವಾದ ಸಂಗತಿ ಇದು. ನಿಂತ ನೀರು ಪಾಚಿಗಟ್ಟುತ್ತದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಯಾನ ಆರಂಭವಾಗಿ ಸುಮಾರು ಎರಡು ತಿಂಗಳಾಗಿತ್ತು, ರೋಗಿಗೆ ಯಾವ ಲಕ್ಷಣವೂ ಇರಲಿಲ್ಲ. ಅಮೆರಿಕದ ರಕ್ತರೋಗ ತಜ್ಞ ಸ್ಟೀಫನ್ ಮೋಲ್ ಭೂಮಿಯಿಂದಲೇ ಚಿಕಿತ್ಸೆ ಸೂಚಿಸಿದರು. ನಿಲ್ದಾಣದಲ್ಲಿದ್ದ ಹೆಪ್ಪುರೋಧಕ ಇಂಜೆಕ್ಷನ್ ಲೆಕ್ಕದ್ದು. ಸಾಮಾನು ತರುವ ನೌಕೆಯಲ್ಲಿ ಮಾತ್ರೆಗಳು ಬರುವವರೆಗೆ, ಸುಮಾರು 40 ದಿನ, ಅದನ್ನೇ ಅಳೆದು ಅಳೆದು ಕೊಡಬೇಕಾಯಿತು. ಇಳಿಯುವ ನಾಲ್ಕು ದಿನ ಮೊದಲು ಮಾತ್ರೆ ನಿಲ್ಲಿಸಿದರು, ಇಳಿಯುವಾಗ ಗಾಯವಾದರೆ ರಕ್ತ ನಿಲ್ಲದಿರಬಹುದು ಎಂಬ ಭಯದಿಂದ. ಯಾನಿ ಕ್ಷೇಮವಾಗಿ ಮರಳಿದರು. ನಮ್ಮ ವಾರ್ಡಿನಲ್ಲಿ ಮೂಳೆ ಮುರಿದು ಮಲಗಿದವರ ಕಾಲನ್ನು ನಾವು ದಿನವೂ ಮುಟ್ಟಿ, ಊತ ಇದೆಯೇ, ಬಿಸಿ ಇದೆಯೇ ಎಂದು ನೋಡುವುದು ಇದೇ ಹೆಪ್ಪಿನ ಭಯಕ್ಕೆ.

ಹೃದಯದ ಲಯ ತಪ್ಪಿದ್ದೂ ಉಂಟು. 1971ರಲ್ಲಿ ಚಂದ್ರಯಾನ ಕೈಗೊಂಡ ಅಪೊಲೊ 15ರ ಜೇಮ್ಸ್ ಅರ್ವಿನ್ ಅವರ ಇಸಿಜಿಯಲ್ಲಿ ಜೋಡಿ ಬಡಿತಗಳು ಕಂಡವು. ದಣಿವು ಮತ್ತು ಪೊಟ್ಯಾಸಿಯಂ ಕೊರತೆ ಕಾರಣವಿರಬಹುದೆಂದು ಮುಂದಿನ ಯಾನದವರಿಗೆ ಪೊಟ್ಯಾಸಿಯಂ ಬೆರೆಸಿದ ಕಿತ್ತಳೆ ರಸ ಕೊಟ್ಟರು. 1987ರಲ್ಲಿ ಸೋವಿಯತ್ ಒಕ್ಕೂಟದ ಮೀರ್ ಬಾಹ್ಯಾಕಾಶ ನಿಲ್ದಾಣದಿಂದ ಅಲೆಕ್ಸಾಂಡರ್ ಲವೆಯ್ಕಿನ್ ಅವರನ್ನು ಇಸಿಜಿಯ ಏರುಪೇರಿನ ಕಾರಣಕ್ಕೆ ಅವಧಿಗೆ ಮುನ್ನವೇ ಇಳಿಸಿದರು. ಅಂಥವು ವಿರಳ.

ಇದಕ್ಕೆಲ್ಲ ಮದ್ದು ವ್ಯಾಯಾಮ. ದಿನಕ್ಕೆ ಸುಮಾರು ಎರಡು ಗಂಟೆ. ಟ್ರೆಡ್‌ಮಿಲ್ ಮೇಲೆ ಓಡಲು ಭುಜ, ಸೊಂಟಗಳಿಗೆ ಪಟ್ಟಿ ಬಿಗಿದು ಕೆಳಕ್ಕೆ ಎಳೆದು ನಿಲ್ಲಿಸಬೇಕು. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನಿಲ್ದಾಣ ಸಲ್ಯೂಟ್ 7ರಲ್ಲಿ ಯೋಗಾಸನ ಮಾಡಿದ್ದೂ ಹೀಗೆ ಪಟ್ಟಿ ಕಟ್ಟಿಕೊಂಡೇ. ವಾರಗಳಿಂದ ತಿಂಗಳುಗಳೊಳಗೆ ಹೃದಯ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತದೆ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಿ. ವೈದ್ಯರ ಚಿಂತೆ ಇರುವುದು ಮಂಗಳ ಗ್ರಹದ ಬಗ್ಗೆ. ಆರೇಳು ತಿಂಗಳು ತೇಲಿ ಅಲ್ಲಿ ಇಳಿದವರಿಗೆ ಸ್ಟ್ರೆಚರ್ ಹಿಡಿಯಲು ಯಾರೂ ಇರುವುದಿಲ್ಲ.

ಈಗ ನಿಮ್ಮ ತಂದೆಯ ವಿಷಯ. ಬಾಹ್ಯಾಕಾಶಕ್ಕೆ ಕಳಿಸದೆಯೇ ಅದರ ಪರಿಣಾಮ ತಿಳಿಯಲು ವಿಜ್ಞಾನಿಗಳು ಮಾಡುವುದೇನು ಗೊತ್ತೇ? ಆರೋಗ್ಯವಂತರನ್ನು ಮಂಚದ ಮೇಲೆ, ತಲೆಯ ಕಡೆ ಆರು ಡಿಗ್ರಿ ತಗ್ಗಿಸಿ, ವಾರಗಟ್ಟಲೆ ಮಲಗಿಸುತ್ತಾರೆ. ರಕ್ತ ತಲೆಯ ಕಡೆ ಸರಿಯುತ್ತದೆ, ಪ್ಲಾಸ್ಮಾ ಇಳಿಯುತ್ತದೆ, ಹೃದಯ ಕುಗ್ಗುತ್ತದೆ, ಎದ್ದರೆ ತಲೆ ತಿರುಗುತ್ತದೆ. ಅಂದರೆ ಮಂಚವೇ ಬಾಹ್ಯಾಕಾಶ. ನಿಮ್ಮ ತಂದೆ ಆರು ವಾರ ಅಲ್ಲಿದ್ದು ಬಂದಿದ್ದಾರೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಅವರ ದುಡಿಯುವ ಶಕ್ತಿ ಅಳೆದರು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಮೂವತ್ತು ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಹೆಚ್ಚಿನದನ್ನು ಆ ಮೂರು ವಾರದ ಹಾಸಿಗೆ ಕಸಿದುಕೊಂಡಿತ್ತು. ನಾನು ಈ ಪ್ರಯೋಗವನ್ನು ಮೊದಲು ಓದಿದ ದಿನವೇ ವಾರ್ಡಿನಲ್ಲಿ ‘ಪೂರ್ತಿ ವಿಶ್ರಾಂತಿ’ ಎಂದು ಚೀಟಿಯಲ್ಲಿ ಬರೆಯುವುದನ್ನು ಕಡಿಮೆ ಮಾಡಿದೆ. ಹೃದಯಾಘಾತವಾದವರನ್ನು ನಾಲ್ಕಾರು ವಾರ ಅಲುಗಾಡದಂತೆ ಮಲಗಿಸುವುದು ಒಂದು ಕಾಲಕ್ಕೆ ವೈದ್ಯರದೇ ಕಟ್ಟಪ್ಪಣೆಯಾಗಿತ್ತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಹೃದ್ರೋಗ ತಜ್ಞರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದಾಗ ಆ ಕಟ್ಟು ಸಡಿಲಾಯಿತು. ನಮ್ಮ ಹಳ್ಳಿಗಳಲ್ಲಿ ಇನ್ನೂ ಸಡಿಲಾಗಿಲ್ಲ. ಜ್ವರ ಬಂದು ಹೋದವರಿಗೆ, ಬಾಣಂತಿಯರಿಗೆ, ಆಪರೇಷನ್ ಆದವರಿಗೆ ‘ಕಾಲು ನೆಲಕ್ಕೆ ಇಡಬೇಡ’ ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ, ಅದರಿಂದ ಆಗುವ ನಷ್ಟ ಅವರಿಗೆ ಕಾಣುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಬಂದಿದ್ದರು. ಅವರದೂ ಇದೇ ಕಥೆ. ಮಲಗಿದ್ದಾಗ ಬಿಪಿಯ ಮೇಲಿನ ಅಂಕಿ 138. ಎದ್ದು ನಿಲ್ಲಿಸಿ ಪಟ್ಟಿಗೆ ಗಾಳಿ ತುಂಬುತ್ತಿದ್ದೆ. ಅವರು ಮೇಜಿನ ಅಂಚನ್ನು ಹಿಡಿದರು, ಬೆರಳ ತುದಿಗಳು ಬಿಳುಪಾದವು, ‘ಸಾಹೇಬ್ರೇ, ದೀಪ ಸಣ್ಣದಾತು’ ಎಂದರು. ಕೋಣೆಯ ದೀಪ ಹಾಗೆಯೇ ಇತ್ತು. ಅಂಕಿ 104ಕ್ಕೆ ಇಳಿದಿತ್ತು. ಅವರ ಹೃದಯದ ಎಕೋ ಚೆನ್ನಾಗಿತ್ತು. ಹಾಸಿಗೆ, ನಮ್ಮ ಊರಿನ ಬಿಸಿಲು, ಕಡಿಮೆ ನೀರು, ಪ್ರಾಸ್ಟೇಟ್‌ಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ, ನಾಲ್ಕೂ ಸೇರಿ ಅವರನ್ನು ಬೀಳಿಸುತ್ತಿದ್ದವು. ಮಾತ್ರೆಯನ್ನು ರಾತ್ರಿಗೆ ಬದಲಿಸಿ, ಎದ್ದು ಕೂರುವುದನ್ನು ರೂಢಿ ಮಾಡಿಸಿದ ಮೇಲೆ ಮೂರನೆಯ ವಾರ ಕೋಲು ಹಿಡಿದು ತಾವೇ ನಡೆದು ಬಂದರು.

ನೀವು ಮೊದಲು ಮೂಳೆಯ ವೈದ್ಯರನ್ನು ಕೇಳಿ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂದು ತಿಳಿದುಕೊಳ್ಳಿ. ಕೂರುವುದಕ್ಕೆ ಅವರ ತಕರಾರು ಇಲ್ಲದಿದ್ದರೆ ಹಗಲೆಲ್ಲ ಮಲಗಿಸಬೇಡಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಏಳುವ ಮೊದಲು ಪಾದಗಳನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲಿ, ಮೀನಖಂಡದ ಪಂಪು ಎಚ್ಚರಗೊಳ್ಳುತ್ತದೆ. ಆಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಲಿ. ನಿಲ್ಲುವಾಗ ಪಕ್ಕದಲ್ಲಿ ಒಬ್ಬರು ಇರಬೇಕು, ಹಿಂದೆ ಕುರ್ಚಿ ಇರಬೇಕು. ಕಣ್ಣು ಮಂಜಾದರೆ ಕೂಡಲೇ ಕೂರಿಸಿ, ಬೈಯಬೇಡಿ. ರಾತ್ರಿ ಮೂತ್ರಕ್ಕೆ ಏಳುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು, ಆಗ ಒಬ್ಬರೇ ಏಳದಂತೆ ನೋಡಿಕೊಳ್ಳಿ.

ಎದೆನೋವು, ಉಸಿರುಗಟ್ಟುವಿಕೆ, ಒಂದೇ ಕಾಲಿನಲ್ಲಿ ಊತ, ಮಲಗಿದ್ದಾಗಲೂ ತಲೆ ತಿರುಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಇಲ್ಲವಾದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಐದು ನಿಮಿಷ ಮಲಗಿಸಿ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಕಾರಣ ಹುಡುಕಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ, ಔಷಧಗಳು, ಎಲ್ಲವನ್ನೂ ನೋಡಬೇಕು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮೂರೂ ಅಳತೆಗಳನ್ನು, ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಬಳಿ ಒಯ್ಯಿರಿ.